ಕುಲುಮೆಯ ನಲವತ್ತಮೂರು ಜನ

ಫೆಬ್ರವರಿ 14, ಶುಕ್ರವಾರ

ನಮ್ಮ ಹಳೇ ಕಬ್ಬಿಣದ ಕುಲುಮೆಯ ಸ್ಮಾರಕದಲ್ಲಿ ಗೈಡ್ ಆಗಿದ್ದ ಟಬಿತಾಳನ್ನು ಇವತ್ತು ಕೆಲಸದಿಂದ ತೆಗೆದರು. ಬೆಳಿಗ್ಗೆ ಹತ್ತೂಕಾಲಿಗೆ ಈಮೇಲ್ ಬಂತು, ಮಧ್ಯಾಹ್ನದೊಳಗೆ ಕೀಲಿ ಒಪ್ಪಿಸಬೇಕಂತೆ. ಕೆಲಸ ತೃಪ್ತಿಕರವಾಗಿಲ್ಲ ಎಂದು ಕಾರಣ ಬರೆದಿದ್ದರು. ಹೋದ ತಿಂಗಳಷ್ಟೇ ಅವಳಿಗೆ ಒಳ್ಳೆಯ ಕೆಲಸಕ್ಕೆಂದು ಪ್ರಶಸ್ತಿಪತ್ರ ಬಂದಿತ್ತು. ಅದನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನು ನಾನೇ, ಇವತ್ತು ಇಳಿಸಿ ಕೊಟ್ಟವನೂ ನಾನೇ.

ಪೆಟ್ಟಿಗೆಗಳನ್ನು ಅವಳ ಕಾರಿಗೆ ಹೊತ್ತು ಹಾಕಿದೆ. ಹೋಗುವಾಗ ಈ ನೋಟ್‌ಬುಕ್ ಕೈಗಿಟ್ಟಳು. "ವೆಂಡೆಲ್, ದಿನಾ ಬರೀಬೇಡಿ. ಏನಾದ್ರೂ ನಡೆದ ದಿನ ಬರೆದಿಡಿ, ತಾರೀಕು ಹಾಕಿ. ಆಮೇಲೆ ಎಲ್ಲರೂ ಹಂಗೇನೂ ನಡೀಲೇ ಇಲ್ಲ ಅಂತಾರೆ" ಅಂದಳು. ಹೂಂ ಅಂದೆ. ಇಲ್ಲದಿದ್ದರೆ ಇನ್ನಷ್ಟು ಅಳುತ್ತಿದ್ದಳು.

ನಾನು ಈ ಅಧ್ಯಕ್ಷರಿಗೇ ಮತ ಹಾಕಿದವನು, ಮೂರು ಸಲವೂ. ಸರ್ಕಾರದಲ್ಲಿ ಸೋಮಾರಿಗಳು ತುಂಬಿದ್ದಾರೆ, ಗುಡಿಸುತ್ತೇನೆ ಅಂದಾಗ ಟೀವಿ ಮುಂದೆ ಕೂತು ಸರಿ ಸರಿ ಅಂದವನು. ಗುಡಿಸುವಾಗ ಒಂದೆರಡು ಒಳ್ಳೆಯ ಮೊಳೆಯೂ ಕಸದ ಜೊತೆ ಹೋಗುತ್ತವೆ. ಟಬಿತಾ ಅಂಥವಳು ಅಂದುಕೊಳ್ಳಬೇಕು.

ಮುಂದಿನ ವರ್ಷ ಜೂನ್ ಮೂವತ್ತಕ್ಕೆ ನನಗೆ ಪೂರ್ತಿ ಪಿಂಚಣಿ. ಇನ್ನು ಹದಿನಾರು ತಿಂಗಳು. ಬಾಯಿ ಮುಚ್ಚಿಕೊಂಡು ಹುಲ್ಲು ಕತ್ತರಿಸಿಕೊಂಡಿದ್ದರೆ ಆಯಿತು.

ಮಾರ್ಚ್ 29, ಶನಿವಾರ

ಬರೆಯುವಂಥದ್ದೇನೂ ನಡೆದಿರಲಿಲ್ಲ, ಬರೆಯಲಿಲ್ಲ.

ಗೈಡ್ ಇಲ್ಲ, ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದವಳೂ ಬೇಸತ್ತು ಬಿಟ್ಟಳು. ಉಳಿದವನು ನಾನೊಬ್ಬ. ಮೇಲಧಿಕಾರಿ ಪ್ರೂಯಿಟ್ ಮಂಗಳವಾರ ಮಾತ್ರ ಬರುತ್ತಾರೆ, ಅವರಿಗೆ ಈಗ ಮೂರು ಸ್ಮಾರಕಗಳ ಉಸ್ತುವಾರಿ. ಹಾಗಾಗಿ ಹುಲ್ಲು, ಶೌಚಾಲಯ, ಗಾರೆ ಕೆಲಸದ ಜೊತೆಗೆ ಬಂದವರಿಗೆ ಕುಲುಮೆ ತೋರಿಸುವುದೂ ನನ್ನ ಪಾಲಿಗೇ ಬಿದ್ದಿದೆ. ಮಾತಾಡುವುದು ನನ್ನ ಕಸುಬಲ್ಲ. ಇವತ್ತು ಕ್ಲಾರ್ಕ್ಸ್‌ವಿಲ್‌ನಿಂದ ಬಂದ ಒಂದು ಕುಟುಂಬಕ್ಕೆ, ಹಾರ್ಗ್ರೋವ್ ಎಂಬವನು ಸಾವಿರದ ಎಂಟುನೂರ ಇಪ್ಪತ್ತೆಂಟರಲ್ಲಿ ಈ ಕುಲುಮೆ ಕಟ್ಟಿಸಿದ, ಮೂವತ್ತೆರಡು ವರ್ಷ ನಡೆಯಿತು, ಇಲ್ಲಿ ಕಡಾಯಿ, ಒಲೆ, ಫಿರಂಗಿ ಗುಂಡು ಎರಕ ಹೊಯ್ಯುತ್ತಿದ್ದರು, ನದಿಯಲ್ಲಿ ದೋಣಿಗೆ ತುಂಬಿ ಕಳಿಸುತ್ತಿದ್ದರು ಅಂತ ಹೇಳಿ ಮುಗಿಸಿದೆ. ಅವರ ಮಗಳು, ಹೊಯ್ಯುತ್ತಿದ್ದವರು ಯಾರು ಅಂತ ಕೇಳಿದಳು.

ಬೋರ್ಡು ಓದಿಕೋ ಅಂದೆ. ಅವಳು ಓದುವಾಗ ಜೊತೆಗೆ ನಿಂತು ನಾನೂ ಓದಿದೆ. ನಾಲ್ಕು ವರ್ಷದ ಹಿಂದೆ ಅದರ ಕಂಬಗಳಿಗೆ ಕಾಂಕ್ರೀಟು ಹಾಕಿದವನು ನಾನು. ವಾರವಾರವೂ ಹಕ್ಕಿ ಹಿಕ್ಕೆ ಒರೆಸುವವನೂ ನಾನೇ. ಮೇಲಿಂದ ಕೆಳಗಿನವರೆಗೆ ಓದಿದ್ದು ಇವತ್ತೇ ಇರಬೇಕು.

ನಲವತ್ತಮೂರು ಹೆಸರು. ಎಲ್ಲರೂ ಹಾರ್ಗ್ರೋವ್‌ನ ಗುಲಾಮರು. ಹೆಸರಿನ ಮುಂದೆ ಕಸುಬು ಬರೆದಿದೆ. ಐಸಾಕ್, ಕುಲುಮೆ ಮೇಸ್ತ್ರಿ. ಸ್ಟೀವನ್, ಕಲ್ಲುಕುಟಿಗ. ದೊಡ್ಡ ಆರನ್, ಇದ್ದಿಲು ಸುಡುವವನು. ಪ್ರಿಸಿಲಾ, ಅಡುಗೆ. ಟಬಿತಾ ಎರಡು ವರ್ಷ ಕಚೇರಿಯ ಹಳೇ ಕಾಗದಗಳನ್ನು ಜಾಲಾಡಿ ಒಂದೊಂದೇ ಹೆಸರು ಹುಡುಕಿದ್ದು. ಕೊನೆಯದಕ್ಕೆ ಮಾತ್ರ ಹೆಸರು ಸಿಕ್ಕಿರಲಿಲ್ಲ. ಹೆಸರು ತಿಳಿಯದ ಹೆಂಗಸು, ಅದಿರು ತೊಳೆಯುವವಳು ಅಂತಿದೆ.

ಮೇ 20, ಮಂಗಳವಾರ

ಪ್ರೂಯಿಟ್ ಒಂದು ಹೊಸ ಫಲಕ ತಂದರು, ಬಾಗಿಲಲ್ಲಿ ಹಾಕಬೇಕಂತೆ. ನಮ್ಮ ಹಿರಿಯರ ಬಗ್ಗೆ, ಈ ನಾಡಿನ ಬಗ್ಗೆ ಕೀಳಾಗಿ ಬರೆದದ್ದು ಇಲ್ಲಿ ಏನಾದರೂ ಕಂಡರೆ ಫೋನಿನಲ್ಲಿ ಈ ಚೌಕವನ್ನು ಸ್ಕ್ಯಾನ್ ಮಾಡಿ ದೂರು ಕೊಡಿ ಎಂದು ಬಂದವರಿಗೆ ಹೇಳುವ ಫಲಕ. ಅಧ್ಯಕ್ಷರ ಆದೇಶದ ಮೇಲೆ ದೇಶದ ಎಲ್ಲ ಸ್ಮಾರಕಗಳಿಗೂ ಬಂದಿದೆ.

ನೆಲದಿಂದ ಐದಡಿಗೆ ಹಾಕಿದೆ. ಮಟ್ಟಗೋಲು ಹಿಡಿದು ನೋಡಿದೆ, ನೇರ ಇದೆ.

ಸಂಜೆ ನನ್ನ ಹೆಂಡತಿ ರೊವೀನಾ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಿಂದ ಸಿಟ್ಟಲ್ಲಿ ಬಂದಳು. ಸುತ್ತಲಿನ ರೈತರಿಂದ ಮಕ್ಕಳ ಊಟಕ್ಕೆ ಸೊಪ್ಪು, ಸ್ಟ್ರಾಬೆರಿ ಕೊಳ್ಳುವ ಯೋಜನೆ ನಿಂತುಹೋಯಿತಂತೆ, ಇನ್ನು ಡಬ್ಬಿಯದೇ. ಚುನಾವಣೆ ಹೊತ್ತಿಗೆ ನಮ್ಮ ಅಂಗಳದಲ್ಲಿ ನೆಟ್ಟ ಅಧ್ಯಕ್ಷರ ಹೆಸರಿನ ಫಲಕ ತೆಗೆಯಲಾ ಅಂತ ಚುಡಾಯಿಸಿದೆ. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ. ಕೆಳಗಿನವರು ಮಾಡೋ ಕಿತಾಪತಿಗೆ ಅವರೇನ್ಮಾಡ್ತಾರೆ" ಅಂದಳು.

ಜೂನ್ 13, ಶುಕ್ರವಾರ

ಬೋರ್ಡಿನ ಮೇಲೆ ಯಾರೋ ದೂರು ಕೊಟ್ಟಿದ್ದಾರೆ. ಪರಿಶೀಲನೆ ಮುಗಿಯುವ ತನಕ ಮುಚ್ಚಿಡಬೇಕಂತೆ. ಕಪ್ಪು ತಾಡಪಾಲು ಹೊದಿಸಿ ಹಗ್ಗ ಕಟ್ಟಿದೆ. ದೂರದಿಂದ ನೋಡಿದರೆ ಯಾರೋ ಕಂಬಳಿ ಹೊದ್ದು ನಿಂತ ಹಾಗಿದೆ. ಬಂದವರೆಲ್ಲ ಮೊದಲು ಅಲ್ಲಿಗೇ ಹೋಗಿ ಅಂಚು ಎತ್ತಿ ಇಣುಕುತ್ತಾರೆ. ಈ ನಾಲ್ಕು ವರ್ಷದಲ್ಲಿ ಇಷ್ಟು ಜನ ಆ ಬೋರ್ಡು ಓದಿದ್ದು ನಾನು ನೋಡಿರಲಿಲ್ಲ.

ಜುಲೈ 21, ಸೋಮವಾರ

ತೆಗೆಯಿರಿ ಅಂತ ಆದೇಶ ಬಂತು. ತೆಗೆದೆ.

ಹನ್ನೆರಡು ಬೋಲ್ಟು. ಎಂಟು ಸಲೀಸಾಗಿ ಬಂದವು, ಮೂರಕ್ಕೆ ಎಣ್ಣೆ ಬಿಟ್ಟು ಕಾಯಬೇಕಾಯಿತು. ಒಂದು ತುಕ್ಕು ಹಿಡಿದು ಹೆಪ್ಪುಗಟ್ಟಿತ್ತು, ಗರಗಸದಿಂದ ಕೊಯ್ದೆ. ಹಲಗೆ ಅಗಲ ಎಂಟಡಿ, ಒಬ್ಬನೇ ಇಳಿಸಲು ಬರುವುದಿಲ್ಲ, ಆದರೂ ಇಳಿಸಿದೆ. ಮೂಲೆಗೆ ಪೆಟ್ಟಾಗದ ಹಾಗೆ ಹಳೇ ಕಂಬಳಿ ಹಾಸಿ ಶೆಡ್ಡಿನಲ್ಲಿ ಗೋಡೆಗೆ ಒರಗಿಸಿಟ್ಟೆ. ಹೆಸರಿರುವ ಮೈ ಗೋಡೆ ಕಡೆಗಿಟ್ಟಿದ್ದೆ, ಆಮೇಲೆ ತಿರುಗಿಸಿದೆ, ತೇವ ತಗಲುತ್ತದೆ ಅಂತ. ಮಧ್ಯಾಹ್ನ ಬುತ್ತಿ ತಿನ್ನಲು ಶೆಡ್ಡಿಗೆ ಹೋಗಲಿಲ್ಲ, ಗಾಡಿಯಲ್ಲಿ ಕೂತು ತಿಂದೆ.

ನನಗೇನೂ ಅನ್ನಿಸಲಿಲ್ಲ. ಹಾಕು ಅಂದಾಗ ಹಾಕಿದೆ, ತೆಗಿ ಅಂದಾಗ ತೆಗೆದೆ. ನನ್ನ ಕೆಲಸ ಅಷ್ಟೇ.

ಆಗಸ್ಟ್ 2, ಶನಿವಾರ

ಇವತ್ತಿನದು ಬರೆಯಬೇಕೋ ಬೇಡವೋ.

ಹನ್ನೊಂದರ ಹೊತ್ತಿಗೆ ಒಬ್ಬ ಕರಿಯ ಹೆಂಗಸು ಬಂದಳು, ಎಂಬತ್ತರ ಹತ್ತಿರದವಳು. ಚರ್ಚಿಗೆ ಹೊರಟವರ ಹಾಗೆ ಟೋಪಿ, ಕೈಯಲ್ಲಿ ಊರುಗೋಲು. ಸುತ್ತಮುತ್ತ ನೋಡದೆ ನೆಟ್ಟಗೆ ಆ ಎರಡು ಖಾಲಿ ಕಂಬಗಳ ಎದುರು ಹೋಗಿ ನಿಂತಳು. ನಾನು ಹುಲ್ಲಿನ ಯಂತ್ರ ನಿಲ್ಲಿಸಿದೆ.

"ಇಲ್ಲಿದ್ದ ಬೋರ್ಡು ಎಲ್ಲಪ್ಪಾ?"

"ತೆಗೆದಿದೆ, ಅಮ್ಮ."

"ತೆಗೆದಿದೆ ಅಂದ್ರೆ? ತಾನಾಗೇ ಎದ್ದು ಹೋಯ್ತಾ?"

"ಇಲ್ಲ. ನಾನೇ ತೆಗೆದೆ."

ಬೈಯುತ್ತಾಳೆ ಅಂದುಕೊಂಡೆ. "ಸರಿ. ನಿಜ ಹೇಳ್ದೆ, ಅಷ್ಟಾದ್ರೂ ಆಯ್ತು" ಅಂದಳು.

ಹೆಸರು ವರ್ನೀಟಾ ಗ್ಯಾಂಟ್. ನ್ಯಾಶ್‌ವಿಲ್‌ನಲ್ಲಿ ನಲವತ್ತು ವರ್ಷ ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸಿದವಳು. ಆ ಐಸಾಕ್ ಅವಳ ಮುತ್ತಜ್ಜನ ಅಜ್ಜನಂತೆ. ಟಬಿತಾ ಪತ್ರ ಬರೆದು ತಿಳಿಸುವ ತನಕ ಅವರಿಗೆ ಈ ಜಾಗವೇ ಗೊತ್ತಿರಲಿಲ್ಲವಂತೆ. ಅಕ್ಟೋಬರ್ ಹದಿನೆಂಟಕ್ಕೆ ಇಡೀ ಕುಟುಂಬ ಇಲ್ಲಿ ಸೇರಲು ಅನುಮತಿ ತೆಗೆದುಕೊಂಡಿದ್ದಾರೆ. ಡೆಟ್ರಾಯಿಟ್, ಷಿಕಾಗೊ ಕಡೆಯಿಂದೆಲ್ಲ ಬರುತ್ತಾರೆ. ಅವಳ ಅಣ್ಣ ಲೂಥರ್‌ಗೆ ತೊಂಬತ್ತೊಂದು, ಅವನ ಸಲುವಾಗಿಯೇ ಇದೆಲ್ಲ. ಜಾಗ ಒಮ್ಮೆ ನೋಡಿಕೊಂಡು ಹೋಗೋಣ ಅಂತ ಮುಂಚಿತವಾಗಿ ಬಂದಿದ್ದಳು.

ಆಮೇಲೆ ಊರುಗೋಲನ್ನು ನೆಲಕ್ಕೊತ್ತಿ, ಖಾಲಿ ಕಂಬದ ನಡುವಿನ ಗಾಳಿ ನೋಡುತ್ತ ಹೆಸರು ಹೇಳತೊಡಗಿದಳು. ಐಸಾಕ್, ಸ್ಟೀವನ್, ದೊಡ್ಡ ಆರನ್, ಸಣ್ಣ ಆರನ್, ಪ್ರಿಸಿಲಾ. ಹನ್ನೊಂದನೆಯ ಹೆಸರಿಗೆ ನಿಂತಿತು.

"ಮುಂದಕ್ಕೆ ಬರ್ತಿಲ್ಲ. ಮರೀತೀವಿ ಅಂತಾನೇ ಅಲ್ವಾ ಬರೆದು ಹಾಕೋದು. ದಿನಾ ಇಲ್ಲೇ ಇರ್ತೀಯಲ್ಲ, ನಿಂಗೆ ಗೊತ್ತಾ ಮಿಕ್ಕಿದ್ದು?"

ಗೊತ್ತಿಲ್ಲ ಅಂದೆ.

ಗೊತ್ತಿತ್ತು.

ಆಗಸ್ಟ್ 3, ಭಾನುವಾರ

ಚರ್ಚಿನಲ್ಲಿ ಪ್ರಾರ್ಥನೆಯ ಕಾಗದದ ಹಿಂದೆ ನೆನಪಾದಷ್ಟು ಬರೆದೆ. ಮೂವತ್ತೆಂಟು ಬಂದವು. ರೊವೀನಾ ಮೊಣಕೈಯಿಂದ ತಿವಿದಳು.

ಆಗಸ್ಟ್ 4, ಸೋಮವಾರ

ಶೆಡ್ಡಿಗೆ ಹೋಗಿ ನೋಡಿದೆ. ಬಿಟ್ಟುಹೋದವರು: ವಿನ್ನಿ, ಜೆಥ್ರೊ, ಹ್ಯಾಗರ್, ಕುಂಟ ಮೋಸಸ್, ಮತ್ತೆ ಆ ಹೆಸರಿಲ್ಲದವಳು. ಅವಳನ್ನು ಮರೆತದ್ದಕ್ಕೆ ನಾಚಿಕೆಯಾಯಿತು.

ಕುಲುಮೆಯ ತೆಂಕಣ ಮೂಲೆಗೆ ಗಾರೆ ತುಂಬುವ ಕೆಲಸ ಬಾಕಿ ಇತ್ತು, ಮಧ್ಯಾಹ್ನ ಅದನ್ನೇ ಮಾಡಿದೆ. ಇಪ್ಪತ್ತನಾಲ್ಕು ವರ್ಷದಿಂದ ಈ ಗೋಡೆಗೆ ಸುಣ್ಣದ ಗಾರೆ ಕಟ್ಟುತ್ತಿದ್ದೇನೆ. ಮೂವತ್ತೈದಡಿ ಎತ್ತರ, ಎಲ್ಲೂ ಕಬ್ಬಿಣದ ಪಟ್ಟಿ ಇಲ್ಲ. ಒಳಗೆ ಬೆಂಕಿ ಉರಿಯುವಾಗ ಕಲ್ಲು ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಆ ಎಳೆದಾಟ ತಡೆಯಲೆಂದು ಮೂಲೆಕಲ್ಲುಗಳನ್ನು ಕೂದಲೆಳೆಯಷ್ಟು ಒಳವಾಲಿಸಿ ಕೂರಿಸಿದ್ದಾನೆ. ಕೂರಿಸಿದವನು ಬಲು ಜಾಣ ಅಂತ ಎಷ್ಟೋ ಸಲ ನನ್ನಷ್ಟಕ್ಕೆ ಅಂದುಕೊಂಡಿದ್ದೆ. ಸ್ಟೀವನ್ ಅಂತ ಅವನ ಹೆಸರು. ಎದುರಿಗಿದ್ದ ಹೆಸರನ್ನೂ ಕೈಕೆಳಗಿದ್ದ ಕಲ್ಲನ್ನೂ ನಾನು ಯಾವತ್ತೂ ಒಟ್ಟಿಗೆ ನೋಡಿರಲಿಲ್ಲ.

ಆಗಸ್ಟ್ 9, ಶನಿವಾರ

ಹದಿನೇಳು ಜನ ಬಂದಿದ್ದರು. ಎಂದಿನಂತೆ ಹಾರ್ಗ್ರೋವ್, ಕಡಾಯಿ, ಫಿರಂಗಿ ಗುಂಡು ಎಲ್ಲ ಹೇಳಿದೆ. ಆಮೇಲೆ ಕೆಲಸ ಮಾಡಿದವರನ್ನೂ ಹೇಳಿದೆ. ನಲವತ್ತಮೂರೂ. ಕಸುಬಿನ ಸಮೇತ. ಮೂರು ನಿಮಿಷವೂ ಹಿಡಿಯಲಿಲ್ಲ. ಟೋಪಿ ಹಾಕಿದ ಒಬ್ಬ ಫೋನಿನಲ್ಲಿ ವೀಡಿಯೊ ತೆಗೆದ.

ಆಗಸ್ಟ್ 19, ಮಂಗಳವಾರ

ಪ್ರೂಯಿಟ್ ಕಚೇರಿಗೆ ಕರೆದು ಬಾಗಿಲು ಹಾಕಿದರು. ಇಡೀ ಜಾಗದಲ್ಲಿ ನಾವಿಬ್ಬರೇ ಇದ್ದದ್ದು, ಆದರೂ ಹಾಕಿದರು. ಕೆಟ್ಟ ಮನುಷ್ಯ ಅಲ್ಲ. ಇಬ್ಬರು ಮಕ್ಕಳು ಕಾಲೇಜಿನಲ್ಲಿದ್ದಾರೆ, ಕಣ್ಣ ಕೆಳಗೆ ಕಪ್ಪಾಗಿದೆ. ನನ್ನ ಮೇಲೆ ಎರಡು ದೂರು ಬಂದಿವೆಯಂತೆ.

"ವೆಂಡೆಲ್, ಒಪ್ಪಿಗೆಯಾದ ಮಾತು ಎರಡು ಪುಟ ಇದೆ. ಅಷ್ಟು ಮಾತ್ರ ಹೇಳಿ. ಆ ಹೆಸರುಗಳು ಬೇಡ."

"ಹೆಸರು ಹೇಳಬಾರದು ಅಂತ ಒಂದು ಚೀಟಿ ಬರೆದುಕೊಡಿ. ಹೇಳಲ್ಲ."

"ಅದನ್ನ ಬರೆಯೋಕಾಗಲ್ಲ."

"ಬರೆಯೋಕೆ ನಾಚಿಕೆ ಆಗೋದನ್ನ ಹೇಳೋದು ಹೇಗೆ ನೀವು?"

ಅವರು ಕನ್ನಡಕ ತೆಗೆದು ಒರೆಸಿದರು. ನಿಮಗೆ ಜೂನ್ ದಾಟಿದರೆ ಸಾಕಲ್ಲವೇ, ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಮೆಲ್ಲಗೆ ಕೇಳಿದರು. ನನಗೂ ಅದೇ ಗೊತ್ತಾಗುತ್ತಿಲ್ಲ ಅಂದೆ. ಅದು ನಿಜವೇ.

ಚೀಟಿ ಬರೆದುಕೊಡಲಿಲ್ಲ. ಅಂದಮೇಲೆ ಹೆಸರು ಹೇಳುತ್ತೇನೆ.

ಸೆಪ್ಟೆಂಬರ್ 17, ಬುಧವಾರ

ಬೋರ್ಡು ಕೊಂಡೊಯ್ಯಲು ಟ್ರಕ್ಕು ಬಂತು. ಎಲ್ಲಿಗೆ ಅಂದರೆ ಒಯ್ಯುವವರಿಗೂ ಗೊತ್ತಿಲ್ಲ. ಒಂದು ಕೈ ಹಿಡಿಯಿರಿ ಅಂದರು. ಬೆನ್ನು ನೋವು ಅಂದೆ. ಬೆನ್ನು ಚೆನ್ನಾಗೇ ಇದೆ. ಅವರು ತಿಣುಕಾಡಿ ಹತ್ತಿಸುವುದನ್ನು ಬಕೆಟ್ಟು ಮಗುಚಿ ಅದರ ಮೇಲೆ ಕೂತು ನೋಡಿದೆ. ಒಂದು ಮೂಲೆ ಬಾಗಿಲಿಗೆ ಬಡಿದು ಮುರಿಯಿತು. ಮುರಿದ ಚೂರನ್ನೂ ಹೆಕ್ಕಿ ಹಾಕಿಕೊಂಡು ಹೋದರು.

ಸೆಪ್ಟೆಂಬರ್ 19, ಶುಕ್ರವಾರ

ಮನೆಯಲ್ಲಿ ಜಗಳ. ಪ್ರೂಯಿಟ್‌ನ ಹೆಂಡತಿ ಅಂಗಡಿಯಲ್ಲಿ ಸಿಕ್ಕಿ ರೊವೀನಾಗೆ ಎಲ್ಲ ಹೇಳಿದ್ದಾಳೆ. ಕಾಳು ಬೇಯಿಸುತ್ತಿದ್ದವಳು ಸೌಟು ಹಿಡಿದೇ ಬಂದಳು.

"ಒಂಬತ್ತು ತಿಂಗಳು ಕಣೋ. ಹೊಟ್ಟೇಲಿರೋ ಕೂಸು ಕಾಯುತ್ತೆ ಒಂಬತ್ತು ತಿಂಗಳು. ನಿನಗೆ ಬಾಯಿ ಮುಚ್ಕೊಂಡಿರೋಕೆ ಏನು ರೋಗ? ಮದುವೆಯಾಗಿ ಮೂವತ್ತಾರು ವರ್ಷ, ನನ್ನ ಹತ್ರ ನೆಟ್ಟಗೆ ಮೂರು ಮಾತಾಡಿಲ್ಲ. ಈಗ ಊರವರ ಮುಂದೆ ಭಾಷಣ ಮಾಡ್ತಾನಂತೆ."

ಭಾಷಣ ಅಲ್ಲ, ಹೆಸರು ಅಂದೆ.

"ಅವರೇನು ನಿನ್ನ ನೆಂಟರಾ?"

ನಾನು ಇಪ್ಪತ್ತನಾಲ್ಕು ವರ್ಷದಿಂದ ರಿಪೇರಿ ಮಾಡುತ್ತಿರುವುದು ಅವರ ಕೆಲಸವನ್ನು ಅಂದೆ. ಅವಳು ಒಲೆಯ ಕಡೆ ತಿರುಗಿದಳು. ಕಾಳು ತಳ ಹಿಡಿದಿತ್ತು, ಇಬ್ಬರೂ ಅದನ್ನೇ ತಿಂದೆವು.

ಅಕ್ಟೋಬರ್ 1, ಬುಧವಾರ

ರಾಜಧಾನಿಯಲ್ಲಿ ಖರ್ಚಿನ ಮಸೂದೆ ಪಾಸಾಗಲಿಲ್ಲ, ಖರ್ಚಿಗೆ ದುಡ್ಡಿಲ್ಲವೆಂದು ಸರ್ಕಾರ ಕಚೇರಿ, ಸ್ಮಾರಕಗಳಿಗೆಲ್ಲ ಬಾಗಿಲು ಹಾಕಿದೆ. ಮುಂದಿನ ಸೂಚನೆ ತನಕ ನಾನೂ ಮನೆಯಲ್ಲಿ. ಗೇಟಿಗೆ ಬೀಗ ಹಾಕಿ ಬಂದೆ. ತುರ್ತಿಗೆ ಅಂತ ಒಂದು ಕೀಲಿ ನನ್ನಲ್ಲೇ ಇರಲಿ ಎಂದರು.

ಅಕ್ಟೋಬರ್ 11, ಶನಿವಾರ

ಮಿಸ್ ವರ್ನೀಟಾ ಮನೆಗೆ ಫೋನು ಮಾಡಿದ್ದರು. ನಾನು ಗ್ಯಾರೇಜಿನಲ್ಲಿದ್ದೆ, ಎತ್ತಿಕೊಂಡದ್ದು ರೊವೀನಾ. ಒಳಗೆ ಬಂದಾಗಲೂ ಇವಳು ಮಾತಾಡುತ್ತಲೇ ಇದ್ದಳು, ಬಾಳೆಹಣ್ಣಿನ ಪುಡಿಂಗಿಗೆ ಮೊಟ್ಟೆಯ ನೊರೆ ಹಾಕಬೇಕೋ ಕೆನೆ ಹಾಕಬೇಕೋ ಅಂತ. ಅರ್ಧ ಗಂಟೆ ಆದಮೇಲೆ ಫೋನು ಇಟ್ಟಳು.

ಅವರ ಅನುಮತಿ ರದ್ದಾಗಿದೆ. ಬಸ್ಸಿಗೆ, ಹೋಟೆಲಿಗೆ ಹೇಳಿಯಾಗಿದೆ. ಲೂಥರ್ ಮುಂದಿನ ವರ್ಷಕ್ಕೆ ಇರುತ್ತಾರೆ ಅಂತ ಡಾಕ್ಟರು ಹೇಳುತ್ತಿಲ್ಲ. ಗೇಟಿನಾಚೆ ರಸ್ತೆಯಲ್ಲಿ ನಿಂತು ನೋಡಬಹುದೇ ಅಂತ ಕೇಳಲು ಫೋನು ಮಾಡಿದ್ದಂತೆ. ಗೇಟಿನಿಂದ ಕುಲುಮೆ ಕಾಣುವುದೇ ಇಲ್ಲ, ಮರಗಳು ಅಡ್ಡ.

ರೊವೀನಾ ಕಿಟಕಿಯ ಹತ್ತಿರ ಹೋದಳು. ಆಮೇಲೆ ಅಂದಳು, "ಬೆಲೆ ಇಳಿಸ್ತೀನಿ ಅಂದ್ರು, ಗಡಿ ಮುಚ್ತೀನಿ ಅಂದ್ರು. ಎಲ್ಲಾ ಭಾಷಣಾನೂ ಕೇಳಿದೀನಿ ನಾನು. ಸತ್ತವರ ಹೆಸರು ಕಿತ್ತಾಕ್ತೀನಿ ಅಂತ ಯಾವ ಭಾಷಣದಲ್ಲಿ ಹೇಳಿದ್ರು, ಹೇಳು."

ಹೇಳಿರಲಿಲ್ಲ ಅಂದೆ.

"ಮತ್ತೆ? ನಾನು ಮತ ಹಾಕಿದ್ದು ಅದಕ್ಕಲ್ಲ." ನನ್ನ ಕಡೆ ತಿರುಗಿ, "ಕೀಲಿ ಇದೆಯಾ ನಿನ್ ಹತ್ರ?" ಎಂದು ಕೇಳಿದಳು.

ಇದೆ ಅಂದೆ. ಅವಳು ಎಷ್ಟು ಜನ ಬರಬಹುದು ಅಂತ ಲೆಕ್ಕ ಹಾಕತೊಡಗಿದಳು.

ಅಕ್ಟೋಬರ್ 18, ಶನಿವಾರ

ಎಂಟು ಗಂಟೆಗೆ ಹೋಗಿ ಗೇಟು ತೆರೆದೆ. ಸಮವಸ್ತ್ರ ಹಾಕಲಿಲ್ಲ. ಭಾನುವಾರದ ಅಂಗಿ, ನನ್ನದೇ ಬೂಟು. ಹದಿನೇಳು ದಿನದ ಎಲೆ ಬಿದ್ದಿತ್ತು, ಹಾದಿ ಗುಡಿಸಿದೆ. ಶೌಚಾಲಯ ತೊಳೆದೆ. ಮುದುಕರು ಬರುತ್ತಾರೆ ಅಂತ ಇಳಿಜಾರಿನಲ್ಲಿ ಹಲಗೆ ಹಾಸಿದೆ.

ಎರಡು ಬಸ್ಸು, ಹತ್ತು ಹನ್ನೆರಡು ಕಾರು. ಗಂಡಸರೆಲ್ಲ ಸೂಟು, ಹೆಂಗಸರೆಲ್ಲ ಟೋಪಿ. ಎಪ್ಪತ್ತಕ್ಕೂ ಹೆಚ್ಚು ಜನ. ಲೂಥರ್ ಗ್ಯಾಂಟ್ ಗಾಲಿಕುರ್ಚಿಯಲ್ಲಿ. ಡೆಟ್ರಾಯಿಟಿನ ಕಾರ್ಖಾನೆಯಲ್ಲಿ ಇಂಜಿನ್ನು ಎರಕ ಹೊಯ್ಯುತ್ತಿದ್ದರಂತೆ, ಮೂವತ್ತು ವರ್ಷ. ಕುಲುಮೆಯ ಬಾಯಿಯ ಹತ್ತಿರ ತಳ್ಳಿಕೊಂಡು ಹೋಗು ಅಂದರು. ಎಲ್ಲಿಂದ ಗಾಳಿ ಊದುತ್ತಿದ್ದರು, ಕರಗಿದ ಕಬ್ಬಿಣ ಯಾವ ಕಡೆ ಹರಿಯುತ್ತಿತ್ತು ಎಂದೆಲ್ಲ ಕೇಳಿದರು. ಗೊತ್ತಿದ್ದದ್ದು ಹೇಳಿದೆ. ಗೊತ್ತಿಲ್ಲದ್ದನ್ನು ಅವರೇ ನನಗೆ ಹೇಳಿದರು. ಕಲ್ಲಿನ ಮೇಲೆ ಅಂಗೈ ಇಟ್ಟು ತೆಗೆಯಲೇ ಇಲ್ಲ.

ಮಿಸ್ ವರ್ನೀಟಾ ನನ್ನ ಕಡೆ ನೋಡಿ, "ಹೇಳಪ್ಪಾ. ಆವತ್ತು ಗೊತ್ತಿಲ್ಲ ಅಂದಿದ್ಯಲ್ಲ, ಈಗ ಗೊತ್ತಾ ನೋಡೋಣ" ಅಂದರು. ಅವರಿಗೆ ಆವತ್ತೇ ಗೊತ್ತಾಗಿತ್ತು.

ಕಂಬಗಳ ನಡುವೆ ನಿಂತು ಹೇಳಿದೆ. ಕಾಗದ ನೋಡಲಿಲ್ಲ. ಇಪ್ಪತ್ತನೆಯ ಹೆಸರಿಗೆ ಬಂದಾಗ ಲೂಥರ್ ಕೈ ಎತ್ತಿದರು. "ಏನ್ ಗೊಣಗ್ತಾ ಇದೀಯೋ, ನಂಗೊಂದೂ ಕೇಳಿಸ್ತಿಲ್ಲ. ಮೊದಲಿಂದ ಹೇಳು, ಜೋರಾಗಿ ಹೇಳು."

ಎಲ್ಲರೂ ನಕ್ಕರು. ನಾನು ಮೊದಲಿಂದ ಶುರು ಮಾಡಿದೆ, ಈ ಸಲ ಕೂಗಿ. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ನಾನು ಏನನ್ನೂ ಕೂಗಿರಲಿಲ್ಲ. ಸದ್ದು ಕುಲುಮೆಯ ಒಳಗೆ ಹೋಗಿ ತಿರುಗಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಕಾರೊಂದು ನಿಂತಿತು. ಯಾರಿಗೆ ದೂರು ಕೊಟ್ಟುಕೊಳ್ಳುತ್ತಾರೋ ಕೊಟ್ಟುಕೊಳ್ಳಲಿ ಅಂತ ಇನ್ನೂ ಜೋರು ಮಾಡಿದೆ. ಕೊನೆಗೆ, ಹೆಸರು ತಿಳಿಯದ ಹೆಂಗಸು, ಅದಿರು ತೊಳೆಯುವವಳು. ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಹಿಂದಿನಿಂದ ಒಬ್ಬ ಮುದುಕಿ ಹಾಡಲು ಶುರು ಮಾಡಿದಳು, ಉಳಿದವರು ಸೇರಿದರು.

ರೊವೀನಾ ಪಿಕಪ್‌ನ ಹಿಂದೆ ಮೇಜು ಹಾಕಿ ಕಾಳು, ಮೆಕ್ಕೆಜೋಳದ ಬ್ರೆಡ್ಡು, ನಾಲ್ಕು ತಟ್ಟೆ ಪುಡಿಂಗು ಹರಡಿದ್ದಳು. ಕೆನೆ ಹಾಕಿದ್ದಕ್ಕೆ ಮಿಸ್ ವರ್ನೀಟಾ ಮೂಗು ಮುರಿದರು, ಆದರೂ ಎರಡು ಸಲ ಹಾಕಿಸಿಕೊಂಡರು.

ಅಕ್ಟೋಬರ್ 20, ಸೋಮವಾರ

ಪ್ರೂಯಿಟ್ ಫೋನು ಮಾಡಿದರು. ಶನಿವಾರ ಅಲ್ಲಿ ಯಾರೋ ತೆಗೆದ ವೀಡಿಯೊ ಎಲ್ಲ ಕಡೆ ಓಡಾಡುತ್ತಿದೆಯಂತೆ, ರಾಜಧಾನಿಯವರೆಗೂ. ಒಂದು ದಾರಿ ಇದೆ ಅಂದರು. ಬೀಗ ಹಾಕುವುದು ಮರೆತಿದ್ದೆ, ಜನ ತಾವಾಗೇ ಒಳಗೆ ಬಂದರು, ಹೊರಗೆ ಕಳಿಸಲೆಂದು ಹೋಗಿದ್ದೆ ಎಂದು ಎರಡು ಸಾಲು ಬರೆದುಕೊಡಬೇಕು. ಒಂದು ಎಚ್ಚರಿಕೆ ಪತ್ರದಲ್ಲಿ ಮುಗಿಯುತ್ತದೆ.

"ಬೀಗ ಹಾಕೋದು ನಾನು ಯಾವತ್ತೂ ಮರೆತಿಲ್ಲ. ನಿಮಗೇ ಗೊತ್ತು."

"ಗೊತ್ತು ವೆಂಡೆಲ್. ಬರೀರಿ ಅಂತಿದೀನಿ ಅಷ್ಟೇ."

ಬೇರೆ ಎರಡು ಸಾಲು ಬರೆದೆ. ಕೀಲಿ ನನ್ನಲ್ಲಿತ್ತು, ನಾನೇ ತೆರೆದೆ. ಮತ್ತೆ ಕೇಳಿದರೆ ಮತ್ತೆ ತೆರೆಯುತ್ತೇನೆ. ರೊವೀನಾಗೆ ಓದಿ ತೋರಿಸಿದೆ. ಎರಡನೆಯ ಸಾಲು ಬೇಕಿತ್ತಾ ಅಂದಳು. ಬೇಕಿತ್ತು ಅಂದೆ. ಸರಿ, ಅಂಚೆಪೆಟ್ಟಿಗೆ ಐದಕ್ಕೆ ತೆಗೀತಾರೆ, ಬೇಗ ಹೋಗು ಅಂದಳು.

ಅಂಗಳದ ಫಲಕ ಇನ್ನೂ ಅಲ್ಲೇ ಇದೆ. ನಾನು ಕೇಳಿಲ್ಲ, ಅವಳು ಹೇಳಿಲ್ಲ.

ನವೆಂಬರ್ 20, ಗುರುವಾರ

ಸರ್ಕಾರ ತೆರೆದು ವಾರವಾಯಿತು. ನನಗೆ ಮಾತ್ರ ಕೆಲಸಕ್ಕೆ ಬರಬೇಡಿ ಅಂತ ಪತ್ರ. ಡಿಸೆಂಬರ್ ಎರಡಕ್ಕೆ ನ್ಯಾಶ್‌ವಿಲ್‌ಗೆ ವಿಚಾರಣೆಗೆ ಬರಬೇಕಂತೆ.

ಟಬಿತಾ ಫೋನು ಮಾಡಿದ್ದಳು, ಮೆಂಫಿಸ್‌ನಲ್ಲಿ ಹೋಟೆಲೊಂದರ ಕೌಂಟರಿನಲ್ಲಿದ್ದಾಳಂತೆ. ವೀಡಿಯೊ ನೋಡಿದಳಂತೆ. ಜೆಥ್ರೊನ ಕಸುಬು ತಪ್ಪು ಹೇಳಿದಿರಿ, ಅವನು ಅಚ್ಚು ಮಾಡುವವನು, ಅದಿರು ತುಂಬುವವನಲ್ಲ ಅಂದಳು. ತಿದ್ದಿಕೊಂಡೆ.

ಡಿಸೆಂಬರ್ 2, ಮಂಗಳವಾರ

ಮೂವತ್ತು ವರ್ಷ ದಾಟಿರದ ಒಬ್ಬ ಅಧಿಕಾರಿ ಹುಡುಗಿ, ಮೇಜಿನ ಮೇಲೆ ತೆಳುವಾದ ಕಡತ. ಒರಟಾಗಿ ಮಾತಾಡಲಿಲ್ಲ. ತೀರ್ಮಾನ ಮೇಲೆಯೇ ಆಗಿದೆ, ನಿಮ್ಮನ್ನು ಇವತ್ತಿನಿಂದಲೇ ತೆಗೆದಿದ್ದಾರೆ, ಪಿಂಚಣಿ ಪೂರ್ತಿ ಸಿಗುವುದಿಲ್ಲ, ಅರ್ಧದ ಹತ್ತಿರ ಸಿಗುತ್ತದೆ ಅಂದಳು. ಹಾಗಾದರೆ ನನ್ನನ್ನು ಕರೆದದ್ದು ಯಾಕೆ ಅಂತ ಕೇಳಿದೆ. ಕಡತದಲ್ಲಿ ನನ್ನ ಹೇಳಿಕೆ ಇರಬೇಕಂತೆ, ಅದೊಂದು ಪದ್ಧತಿ.

ನಮೂನೆ ಕೊಟ್ಟಳು. ಹೆಸರು, ಹುದ್ದೆ, ಘಟನೆಯ ತಾರೀಕು. ಗೇಟು ತೆರೆದವರು ಯಾರು ಅಂತಿತ್ತು, ನನ್ನ ಹೆಸರು ಬರೆದೆ. ಅದರ ಕೆಳಗೆ, ಆ ದಿನ ನಿಮ್ಮೊಂದಿಗೆ ಸ್ಥಳದಲ್ಲಿದ್ದವರ ಪೂರ್ತಿ ಹೆಸರು ಮತ್ತು ಕೆಲಸ. ಆರು ಗೆರೆ ಬಿಟ್ಟಿದ್ದರು.

ಮಿಸ್ ವರ್ನೀಟಾ ಮನೆಯವರ ಹೆಸರು ಇವರಿಗೆ ಕೊಡುವವನಲ್ಲ ನಾನು. ಖಾಲಿ ಬಿಡೋಣ ಅಂತ ಪೆನ್ನು ಎತ್ತಿದೆ. ಆಮೇಲೆ ಮೊದಲ ಗೆರೆಯಲ್ಲಿ ಬರೆದೆ: ಐಸಾಕ್, ಕುಲುಮೆ ಮೇಸ್ತ್ರಿ. ಎರಡನೆಯದರಲ್ಲಿ, ಸ್ಟೀವನ್, ಕಲ್ಲುಕುಟಿಗ. ಆರು ಗೆರೆ ಮುಗಿದವು. ಇನ್ನಷ್ಟು ಕಾಗದ ಬೇಕು ಅಂದೆ. ಎಷ್ಟು ಅಂದಳು. ಮೂರು ಹಾಳೆ ಕೊಡಿ, ನನ್ನ ಅಕ್ಷರ ದಪ್ಪ ಅಂದೆ. ಅವಸರ ಮಾಡಲಿಲ್ಲ. ಜೆಥ್ರೊಗೆ ಅಚ್ಚು ಮಾಡುವವನು ಅಂತಲೇ ಬರೆದೆ.

ಅವಳು ಒಂದೊಂದಾಗಿ ಓದಿದಳು. ಬೆರಳು ಗೆರೆಯ ಮೇಲೆ ನಿಧಾನವಾಗಿ ಇಳಿಯುತ್ತಿತ್ತು.

"ಇವರೆಲ್ಲ ಅಲ್ಲಿ ಕೆಲಸಕ್ಕಿದ್ದವರಾ?"

"ಹೌದು. ಮೂವತ್ತೆರಡು ವರ್ಷ. ಯಾರೂ ಸಂಬಳ ಕೊಡ್ಲಿಲ್ಲ."

ಬೆರಳು ಕೊನೆಯ ಗೆರೆಯಲ್ಲಿ ನಿಂತಿತು. "ಇಲ್ಲಿ ಹೆಸರೇ ಇಲ್ವಲ್ಲ?"

"ತಿಳಿದಿಲ್ಲ. ಆದ್ರೆ ಇದ್ದಳು."

ಅವಳು ನನ್ನ ಮುಖ ನೋಡಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ನಾಲ್ಕು ಹಾಳೆಗೂ ಮೊಹರು ಒತ್ತಿ, ಪ್ರತಿಯೊಂದಕ್ಕೂ ಸಹಿ ಹಾಕಿ, ಕಡತದೊಳಗೆ ಸೇರಿಸಿ ದಾರ ಕಟ್ಟಿದಳು. "ಮೊಹರು ಬಿದ್ದ ಮೇಲೆ ಇದರಿಂದ ಒಂದು ಸಾಲೂ ತೆಗೆಯೋಕೆ ಬರಲ್ಲ. ನನಗಾಗಲಿ, ನನ್ನ ಮೇಲಿನವರಿಗಾಗಲಿ. ಸರ್ಕಾರ ಇರೋ ತನಕ ಇದು ಇರುತ್ತೆ" ಅಂದಳು. ಬಹಳ ಮೆಲ್ಲಗೆ ಅಂದಳು, ನಿಯಮ ಓದುವವರ ಹಾಗೆ.

ಹೊರಗೆ ರೊವೀನಾ ಗಾಡಿಯಲ್ಲಿ ಹೀಟರು ಹಾಕಿಕೊಂಡು ಕಾಯುತ್ತಿದ್ದಳು. ಏನಾಯಿತು ಎಂದು ಕೇಳಿದಳು. ಕೆಲಸ ಹೋಯಿತು ಅಂದೆ.

"ಅದು ಗೊತ್ತಿದ್ದದ್ದೇ. ಅಷ್ಟು ಹೇಳೋಕೆ ಎರಡು ಗಂಟೆ ಬೇಕಾಯ್ತಾ ಅವರಿಗೆ?"

"ಇಲ್ಲ, ಬರೀತಾ ಇದ್ದೆ. ತುಂಬ ಜನ ಇದ್ರು."